ನಿಂತೋದ ಪಿಂಚಣಿ, ಬರದ ಗೃಹಲಕ್ಷ್ಮಿ: ಊರಿನ ಬಡ ಮನೆಗಳ ಪರವಾಗಿ ಕೇಳೋದು ಹೇಗೆ

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದಾರೆ. ಎಪ್ಪತ್ತು ದಾಟಿದೆ, ಗಂಡ ಇಲ್ಲ, ಮಗ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದೋನು ಯುಗಾದಿಗೊಂದ್ಸಲ ಬಂದ್ರೆ ಬಂದ. ಪ್ರತಿ ತಿಂಗಳು ಹತ್ತನೇ ತಾರೀಕು ಆಗ್ತಿದ್ದಂಗೆ ಅಜ್ಜಿ ಪಾಸ್‌ಬುಕ್ಕನ್ನ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು, ಆಟೋಗೆ ಮೂವತ್ತು ರೂಪಾಯಿ ಕೊಟ್ಟು ಹೋಬಳಿಗೆ ಹೋಗೋರು. ಬ್ಯಾಂಕಲ್ಲಿ ‘ಬಂದಿಲ್ಲ ಅಜ್ಜಿ, ನಾಡಕಚೇರಿಯಲ್ಲಿ ಕೇಳು’ ಅನ್ನೋರು, ನಾಡಕಚೇರಿಯಲ್ಲಿ ‘ನಮ್ಮ ಕಡೆಯಿಂದ ಹೋಗಿದೆ, ಬ್ಯಾಂಕಲ್ಲೇ ಕೇಳಮ್ಮ’ ಅನ್ನೋರು. ಹಿಂಗೇ ಏಳು ತಿಂಗಳು. ಸಂಧ್ಯಾ ಸುರಕ್ಷಾ (65 ದಾಟಿದೋರ ಪಿಂಚಣಿ) 1200 ರೂಪಾಯಿಗೆ ಆಟೋಗೇ ಎಷ್ಟು ಸುರಿದ್ರೋ.

ಒಂದಿನ ನಾನೂ ಜೊತೆಗೆ ಹೋದೆ. ಸರ್ಕಾರದ ದುಡ್ಡು ಯಾವ ಅಕೌಂಟಿಗೆ ಹೋಗಿದೆ ಅಂತ ತೋರಿಸೋ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಅಜ್ಜಿ ಆಧಾರ್ ಹಾಕಿ, ಅವರ ಫೋನಿಗೇ ಬಂದ ಓಟಿಪಿ ಹಾಕಿ ನೋಡಿದ್ರೆ ದುಡ್ಡು ಪ್ರತಿ ತಿಂಗಳೂ ಹೋಗಿದೆ! ಆದ್ರೆ ಅಕೌಂಟಿನ ಕೊನೇ ನಾಲ್ಕು ನಂಬರ್ ಅಜ್ಜಿ ಪಾಸ್‌ಬುಕ್‌ದಲ್ಲ. ಎಷ್ಟೋ ಹಿಂದೆ ಸಿಮ್ ತಗೊಳ್ವಾಗ ಅಂಗಡಿಯೋನು ಎರಡ್ಮೂರು ಸಲ ಬೆರಳು ಒತ್ತಿಸ್ಕೊಂಡಿದ್ದನಂತೆ, ಆಗ್ಲೇ ಫೋನ್ ನಂಬರ್ ಮೇಲೆ ಒಂದು ಅಕೌಂಟ್ ಓಪನ್ ಆಗಿ ಆಧಾರ್ ಹೋಗಿ ಅಲ್ಲಿ ಕೂತಿದೆ. ಅಜ್ಜಿಗೆ ಅದು ಗೊತ್ತೇ ಇಲ್ಲ. 8,400 ರೂಪಾಯಿ ಅಲ್ಲಿ ತಣ್ಣಗೆ ಮಲಗಿತ್ತು.

ಅದನ್ನ ಸರಿ ಮಾಡ್ಸಿದ್ಮೇಲೆ ಅಜ್ಜಿ ಇಡೀ ಬೀದಿಗೆ ಹೇಳ್ಕೊಂಡು ಬಂದ್ರು, ಸಂಜೆ ಹೊತ್ತಿಗೆ ನಮ್ಮನೆ ಜಗಲಿ ಮೇಲೆ ಇನ್ನೂ ಹನ್ನೊಂದು ಜನ. ಒಬ್ರಿಗೆ ವಿಧವಾ ವೇತನ ನಿಂತಿದೆ, ಇನ್ನೊಬ್ರಿಗೆ ಗೃಹಲಕ್ಷ್ಮಿ ಶುರುವೇ ಆಗಿಲ್ಲ, ಮತ್ತೊಬ್ರ ರೇಷನ್ ಕಾರ್ಡೇ ಎಪಿಎಲ್ ಆಗ್ಬಿಟ್ಟಿದೆ. ಆವತ್ತಿಂದ ಇದೇ ಕೆಲಸ ಹತ್ಕೊಂಡಿದೆ ನಂಗೆ. ನಾನೇನು ಲಾಯರಲ್ಲ, ಪಾರ್ಟಿಯೋನೂ ಅಲ್ಲ, ಡಿಗ್ರಿ ಮಾಡಿ ಅಂಗಡಿ ನೋಡ್ಕೊಂಡಿರೋನು. ಆದ್ರೂ ಮೂರು ವರ್ಷದಲ್ಲಿ ಕಲಿತಿದ್ದನ್ನ ಬರೆದಿಡ್ತೀನಿ, ನಿಮ್ಮೂರಲ್ಲಿ ಯಾರಾದ್ರೂ ಶುರು ಮಾಡೋರಿದ್ರೆ ನಾನು ತಿಂದ ಅಲೆದಾಟ ನೀವು ತಿನ್ನೋದು ಬೇಡ.

ಮೊದಲು ಒಂದು ನೋಟ್‌ಬುಕ್

ನಗ್ಬೇಡಿ. ನೂರು ಪೇಜಿನ ರೂಲ್ಡ್ ನೋಟ್‌ಬುಕ್ ಒಂದು ತಗೊಳ್ಳಿ. ಮನೆಗೊಂದು ಪೇಜ್. ಹೆಸರು ಆಧಾರ್‌ನಲ್ಲಿ ಹೆಂಗಿದೆ, ರೇಷನ್ ಕಾರ್ಡಲ್ಲಿ ಹೆಂಗಿದೆ, ಪಾಸ್‌ಬುಕ್ಕಲ್ಲಿ ಹೆಂಗಿದೆ, ಮೂರನ್ನೂ ಬೇರೆ ಬೇರೆ ಬರ್ಕೊಳ್ಳಿ. ಒಂದ್ಕಡೆ ಹನುಮಕ್ಕ, ಇನ್ನೊಂದ್ಕಡೆ ಹನುಮಮ್ಮ, ಮತ್ತೊಂದ್ಕಡೆ ಗಂಡನ ಹೆಸರು ಸೇರಿಸಿ ಉದ್ದುದ್ದ, ಅರ್ಧ ರೋಗ ಇಲ್ಲೇ ಗೊತ್ತಾಗ್ಬಿಡತ್ತೆ. ಆಮೇಲೆ ಕೊನೇ ಸಲ ದುಡ್ಡು ಬಂದಿದ್ದು ಯಾವ ತಿಂಗಳು, ಎಷ್ಟು, ಯಾವ ಆಫೀಸಿಗೆ ಯಾವತ್ತು ಹೋಗಿದ್ರು, ಅಲ್ಲಿ ಏನಂದ್ರು. ‘ಸುಮಾರು ದಿನದಿಂದ ಬಂದಿಲ್ಲ ಸಾರ್’ ಅಂದ್ರೆ ಯಾವ ಆಫೀಸರೂ ತಲೆ ಎತ್ತಲ್ಲ, ‘ಜೂನ್‌ನಿಂದ ಬಂದಿಲ್ಲ, ಜುಲೈ 14ಕ್ಕೆ ಬಂದಿದ್ವಿ, ನೀವು ಹಿಂಗಂದ್ರಿ’ ಅಂದ್ರೆ ಕುರ್ಚಿ ಎಳ್ಕೊಂಡು ಕೂರ್ತಾರೆ.

ಆಧಾರ್ ನಂಬರ್ ಪೂರ್ತಿ ಬರೀಬೇಡಿ, ಕೊನೇ ನಾಲ್ಕು ಅಂಕಿ ಸಾಕು. ಆಧಾರ್ ಕಾರ್ಡ್ ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕೋದು ಅಂತೂ ಮಾಡ್ಲೇಬೇಡಿ, ನಾನೇ ಮೊದಮೊದಲು ಮಾಡಿ ಆಮೇಲೆ ಭಯ ಆಗಿ ಡಿಲೀಟ್ ಮಾಡಿದ್ದು. ಓಟಿಪಿ ಅವರೇ ನೋಡಿ ಹೇಳ್ಬೇಕು, ಫೋನ್ ಅವರ ಕೈಯಲ್ಲೇ ಇರ್ಬೇಕು. ಸಹಾಯ ಮಾಡ್ತೀನಿ ಅಂತ ಬಂದು ಬೆರಳು ಒತ್ತಿಸ್ಕೊಂಡು ದುಡ್ಡು ತೆಗ್ದೋರನ್ನ ನಮ್ ಜನ ನೋಡವ್ರೆ, ಅನುಮಾನ ಪಟ್ರೆ ಬೇಜಾರಾಗ್ಬೇಡಿ.

ಯಾರಿಗೆ ಏನು ಬರ್ಬೇಕು

ಇದನ್ನ ಬಾಯಿಪಾಠ ಮಾಡ್ಕೊಳ್ಳಿ, ಯಾಕಂದ್ರೆ ಎಷ್ಟೋ ಮನೆಯವರಿಗೆ ತಮಗೆ ಏನು ಸಿಗತ್ತೆ ಅನ್ನೋದೇ ಗೊತ್ತಿರಲ್ಲ. ಮೊತ್ತ ಆಗಾಗ ಬದಲಾಗತ್ತೆ, ಹಂಗಾಗಿ ಅರ್ಜಿ ಬರೆಯೋ ದಿನ ಒಂದ್ಸಲ ಕೇಳ್ಕೊಂಡೇ ಬರೀರಿ.

65 ದಾಟಿದ್ರೆ ಸಂಧ್ಯಾ ಸುರಕ್ಷಾ, 60 ದಾಟಿದ ಬಿಪಿಎಲ್ ಮನೆಯೋರಾದ್ರೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ, ಗಂಡ ತೀರ್ಕೊಂಡಿದ್ರೆ ವಿಧವಾ ವೇತನ, ಅಂಗವಿಕಲತೆ ಶೇಕಡಾ 40ರ ಮೇಲಿದ್ರೆ ಅದರದ್ದೇ ಒಂದು, ಮದುವೆ ಆಗದೇ ಇರೋ ಅಥವಾ ವಿಚ್ಛೇದನ ಆದ 40 ದಾಟಿದ ಹೆಂಗಸರಿಗೆ ಮನಸ್ವಿನಿ. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆದ ದಿನವೇ ಸಂಧ್ಯಾ ಸುರಕ್ಷಾನ 1000ದಿಂದ 1200ಕ್ಕೆ, ವಿಧವಾ ವೇತನಾನ 600ರಿಂದ 800ಕ್ಕೆ ಏರಿಸಿದ್ರು. ಗೃಹಲಕ್ಷ್ಮಿ ತಿಂಗಳಿಗೆ 2000, 2023ರ ಆಗಸ್ಟ್ 30ಕ್ಕೆ ಮೈಸೂರಲ್ಲಿ ಶುರುವಾಗಿದ್ದು, ರೇಷನ್ ಕಾರ್ಡಲ್ಲಿ ಮನೆ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೆ. ಅವರಾಗ್ಲಿ ಗಂಡ ಆಗ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ತಿರಬಾರದು, ಜಿಎಸ್‌ಟಿ ರಿಟರ್ನ್ ಹಾಕ್ತಿರಬಾರದು. ಬಿಪಿಎಲ್ಲೇ ಆಗಿರ್ಬೇಕು ಅಂತೇನಿಲ್ಲ, ಎಪಿಎಲ್ ಕಾರ್ಡಿಗೂ ಬರತ್ತೆ. ಪಿಂಚಣಿ ಬರೋ ಅಜ್ಜಿಗೆ ಗೃಹಲಕ್ಷ್ಮಿ ಬರಲ್ಲ ಅಂತ ನಮ್ಮೂರಲ್ಲಿ ಯಾರೋ ಪುಕಾರು ಹಬ್ಬಿಸಿ ಎಷ್ಟೋ ಜನ ಅರ್ಜಿನೇ ಹಾಕಿರಲಿಲ್ಲ.

ಯಾರಿಗೂ ಗೊತ್ತಿಲ್ಲದೇ ಇರೋದು ರಾಷ್ಟ್ರೀಯ ಕುಟುಂಬ ನೆರವು. ಬಿಪಿಎಲ್ ಮನೆಯಲ್ಲಿ ದುಡಿಯೋ ವ್ಯಕ್ತಿ 60 ಆಗೋ ಮುಂಚೆ ತೀರ್ಕೊಂಡ್ರೆ ಒಂದೇ ಸಲಕ್ಕೆ 20,000 ರೂಪಾಯಿ. ಸಾವಿನ ಮನೆಯಲ್ಲಿ ಹನ್ನೊಂದನೇ ದಿನದ ಖರ್ಚಿಗೆ ಬಡ್ಡಿಗೆ ದುಡ್ಡು ಹುಡುಕ್ತಿರ್ತಾರೆ, ಈ ಅರ್ಜಿ ವಿಷಯ ಯಾರೂ ಎತ್ತಲ್ಲ. ಕಾರ್ಯ ಮುಗಿದ್ಮೇಲೆ ಹೋಗಿ ಡೆತ್ ಸರ್ಟಿಫಿಕೇಟ್ ತೆಗ್ಸೋಕೆ ಹೇಳಿ, ಅದೇ ಪೇಪರ್ರು ವಿಧವಾ ವೇತನಕ್ಕೂ ಬೇಕು.

ದುಡ್ಡು ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಹುಡುಕೋದು

ಬಂದಿಲ್ಲ ಅಂದ ತಕ್ಷಣ ಹೊಸ ಅರ್ಜಿ ಹಾಕೋಕೆ ಓಡ್ಬೇಡಿ, ಎರಡೆರಡು ಅರ್ಜಿ ಆಗಿ ಎರಡೂ ರಿಜೆಕ್ಟ್ ಆಗತ್ತೆ. ಮೊದಲು ಡಿಬಿಟಿ ಸ್ಟೇಟಸ್ ನೋಡಿ.

ದುಡ್ಡು ಹೋಗಿದೆ ಅಂತ ತೋರಿಸಿದ್ರೆ ನಮ್ಮ ಅಜ್ಜಿ ಕೇಸು. ಆಧಾರ್ ಯಾವ ಬ್ಯಾಂಕಿಗೆ ಕೊನೇ ಸಲ ಜೋಡಿಸಿದೆಯೋ ದುಡ್ಡು ಅಲ್ಲಿಗೇ ಹೋಗತ್ತೆ, ನೀವು ಅರ್ಜಿಯಲ್ಲಿ ಯಾವ ಪಾಸ್‌ಬುಕ್ ಕೊಟ್ರಿ ಅನ್ನೋದು ಲೆಕ್ಕಕ್ಕಿಲ್ಲ. ಬ್ಯಾಂಕಿಗೆ ಹೋಗಿ ‘ಆಧಾರ್ ಲಿಂಕ್ ಮಾಡಿ’ ಅಂದ್ರೆ ಲಿಂಕ್ ಆಗಿದೆ ಹೋಗಿ ಅಂತಾರೆ, ಅದು ಬರೀ ಕೆವೈಸಿ, ಅಂದ್ರೆ ಗುರುತಿನ ದಾಖಲೆ. ‘ಎನ್‌ಪಿಸಿಐ ಮ್ಯಾಪಿಂಗ್ ಮಾಡ್ಕೊಡಿ, ಸಬ್ಸಿಡಿ ದುಡ್ಡು ಇದೇ ಅಕೌಂಟಿಗೆ ಬರಬೇಕು’ ಅಂತ ಫಾರಂ ಬರೆದು ಕೊಡ್ಬೇಕು. ಎನ್‌ಪಿಸಿಐ ಅಂದ್ರೆ ಬ್ಯಾಂಕುಗಳ ನಡುವೆ ದುಡ್ಡು ಸಾಗಿಸೋ ಸಂಸ್ಥೆ, ಯಾರ ಆಧಾರ್ ಯಾವ ಬ್ಯಾಂಕಿಗೆ ಜೋಡಿಸಿದೆ ಅನ್ನೋ ಪಟ್ಟಿ ಅವರ ಹತ್ರ ಇರತ್ತೆ. ಈ ಒಂದು ಪದ ಕಲಿಯೋಕೆ ನಂಗೆ ನಾಲ್ಕು ಟ್ರಿಪ್ ಆಯ್ತು.

ದುಡ್ಡು ಹೋಗಿ ವಾಪಸ್ ಬಂದಿದ್ರೆ ಅಕೌಂಟ್ ಬಳಸದೇ ಸತ್ತೋಗಿರತ್ತೆ, ಬ್ಯಾಂಕಲ್ಲಿ ಕೆವೈಸಿ ಕೊಟ್ಟು ಎಬ್ಬಿಸ್ಬೇಕು. ಹೋಗೇ ಇಲ್ಲ ಅಂದ್ರೆ ತಡೆ ಆಫೀಸಲ್ಲೇ ಇದೆ, ಇಲ್ಲಿ ಜಾಸ್ತಿ ತಲೆ ಓಡಿಸ್ಬೇಕು. ಪಿಂಚಣಿಯಾದ್ರೆ ಪರಿಶೀಲನೆಗೆ ಬಂದಾಗ ಅವರು ಊರಲ್ಲಿರಲಿಲ್ಲ, ಮಗಳ ಮನೆಗೆ ಹೋಗಿದ್ರು, ಅಷ್ಟಕ್ಕೇ ನಿಲ್ಲಿಸಿರ್ತಾರೆ. ಬದುಕಿರೋರನ್ನೇ ಮೃತ ಅಂತ ಹಾಕಿರೋದನ್ನೂ ನೋಡಿದೀನಿ, ಆ ಯಜಮಾನರು ನನ್ ಪಕ್ಕದಲ್ಲೇ ನಿಂತು ಬೀಡಿ ಸೇದ್ತಿದ್ರು. ಗೃಹಲಕ್ಷ್ಮಿಯಾದ್ರೆ ಅತ್ತೆ ತೀರ್ಕೊಂಡಿರ್ತಾರೆ, ರೇಷನ್ ಕಾರ್ಡಲ್ಲಿ ಯಜಮಾನಿ ಹೆಸರು ಸೊಸೆಗೆ ಬದಲಾಗಿರಲ್ಲ. ಅದನ್ನ ಮೊದಲು ಬದಲಾಯಿಸಿ ಆಮೇಲೆ ಸೊಸೆ ಹೆಸರಲ್ಲಿ ಹೊಸದಾಗಿ ಹಾಕ್ಬೇಕು.

ಇನ್ನು ಯಾವುದಕ್ಕೆ ಯಾವ ಬಾಗಿಲು ಅನ್ನೋದು. ಪಿಂಚಣಿ ಎಲ್ಲಾ ಕಂದಾಯ ಇಲಾಖೆ, ಅಂದ್ರೆ ಗ್ರಾಮ ಆಡಳಿತ ಅಧಿಕಾರಿ (ನಮ್ ಜನಕ್ಕೆ ಇವತ್ತಿಗೂ ಶಾನುಭೋಗರೇ), ನಾಡಕಚೇರಿ, ತಹಶೀಲ್ದಾರ್. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಇಲಾಖೆ, ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸು. ರೇಷನ್ ಕಾರ್ಡು ಆಹಾರ ಇಲಾಖೆ, ತಾಲ್ಲೂಕು ಕಚೇರಿಯಲ್ಲೇ ಫುಡ್ ಸೆಕ್ಷನ್. ಉದ್ಯೋಗ ಖಾತ್ರಿ ಪಂಚಾಯ್ತಿ, ಪಿಡಿಒ. ತಪ್ಪು ಬಾಗಿಲಲ್ಲಿ ಜಗಳ ಮಾಡಿ ಒಂದು ದಿನದ ಕೂಲಿ ಕಳ್ಕೊಂಡೋರು ಎಷ್ಟೋ ಜನ. ಗೃಹಲಕ್ಷ್ಮಿಗೆ ಮೊದಲು ನಿಮ್ಮೂರ ಅಂಗನವಾಡಿ ಟೀಚರನ್ನ ಕೇಳಿ, ಎಷ್ಟೋ ಸಲ ಆಫೀಸಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರತ್ತೆ.

ಬರೆದು ಕೊಡಿ, ಸೀಲ್ ಹಾಕಿಸ್ಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಒಂದು ನೆನಪಿಟ್ಕೋತೀನಿ ಅಂದ್ರೆ ಇದನ್ನ ಇಟ್ಕೊಳ್ಳಿ. ಬಾಯಲ್ಲಿ ಕೇಳಿದ್ದಕ್ಕೆ ಆಫೀಸಲ್ಲಿ ದಾಖಲೆನೇ ಇರಲ್ಲ, ನೀವು ಹತ್ತು ಸಲ ಹೋಗಿದ್ರೂ ಅವರ ಪ್ರಕಾರ ಯಾರೂ ಬಂದೇ ಇಲ್ಲ. ಎರಡು ಕಾಪಿ ತಗೊಂಡ್ಹೋಗಿ, ಒಂದು ಟಪಾಲ್ ಸೆಕ್ಷನ್‌ಗೆ ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಕು, ಸಹಿ. ‘ಬಿಟ್ಟೋಗಿ ನೋಡ್ತೀವಿ’ ಅಂದ್ರೆ ನಗ್ತಾನೇ ‘ಸ್ವೀಕೃತಿ ಒಂದು ಕೊಟ್ಬಿಡಿ ಸಾರ್, ಅಜ್ಜಿ ನನ್ನೇ ಬಯ್ತಾರೆ’ ಅನ್ನಿ. ಅಷ್ಟಕ್ಕೂ ಕೊಡದಿದ್ರೆ ಸ್ಪೀಡ್ ಪೋಸ್ಟು, ವಾದ ಬೇಡ.

ಅರ್ಜಿ ಒಂದೇ ಪೇಜು. ‘ಬಡವರು, ದಯಮಾಡಿ ಕರುಣೆ ತೋರಿ’ ಅಂತೆಲ್ಲಾ ಬರೀಬೇಡಿ, ನಮ್ ಕಡೆ ಅರ್ಜಿ ಅಂದ್ರೆ ಅಡ್ಡ ಬೀಳೋದು ಅಂತ ಅಂದ್ಕೊಂಡಿದಾರೆ. ನಾನು ಬರೆಯೋದು ಹಿಂಗೆ:

‘ಮಾನ್ಯ ತಹಶೀಲ್ದಾರರಿಗೆ. ವಿಷಯ: ನಿಂತಿರುವ ಸಂಧ್ಯಾ ಸುರಕ್ಷಾ ಪಿಂಚಣಿ ಮರುಪ್ರಾರಂಭಿಸಿ ಬಾಕಿ ಕೊಡುವ ಬಗ್ಗೆ. ನನ್ನ ಪಿಂಚಣಿ ಜೂನ್ ತಿಂಗಳಿಂದ ಜಮೆಯಾಗಿಲ್ಲ. ನಿಲ್ಲಿಸುವ ಮುಂಚೆ ನನಗೆ ಯಾವುದೇ ನೋಟಿಸ್ ಬಂದಿಲ್ಲ. ನಾನು ಇದೇ ಗ್ರಾಮದಲ್ಲಿ ವಾಸವಾಗಿದ್ದೇನೆ, ರೇಷನ್ ಕಾರ್ಡ್ ಮತ್ತು ಈ ತಿಂಗಳು ಪಡಿತರ ಪಡೆದ ರಸೀದಿ ಲಗತ್ತಿಸಿದ್ದೇನೆ. ನಿಲ್ಲಿಸಿದ ಕಾರಣ ಲಿಖಿತವಾಗಿ ತಿಳಿಸಿ, ಬಾಕಿ ಸಮೇತ ಮಂಜೂರು ಮಾಡಬೇಕು.’

ಆ ಪಡಿತರ ರಸೀದಿ ಚಿಕ್ಕ ಟ್ರಿಕ್ಕು. ಹೆಬ್ಬೆಟ್ಟು ಒತ್ತಿ ಈ ತಿಂಗಳು ಅಕ್ಕಿ ತಗೊಂಡಿದಾರೆ ಅಂದ್ರೆ ಬದುಕಿದಾರೆ ಮತ್ತು ಊರಲ್ಲೇ ಇದಾರೆ ಅನ್ನೋದಕ್ಕೆ ಸರ್ಕಾರದ್ದೇ ಸಾಕ್ಷಿ.

ಹೊಸ ಅರ್ಜಿ ಆದ್ರೆ ಸಕಾಲ ನಂಬರ್ ಕೇಳಿ. 15 ಅಂಕಿ ಇರತ್ತೆ. 2011ರ ಸಕಾಲ ಕಾಯ್ದೆ ಪ್ರಕಾರ ಗಡುವಿನೊಳಗೆ ಕೆಲಸ ಆಗ್ಲಿಲ್ಲ ಅಂದ್ರೆ ದಿನಕ್ಕೆ 20 ರೂಪಾಯಿ, ಜಾಸ್ತಿ ಅಂದ್ರೆ 500 ರೂಪಾಯಿ ಪರಿಹಾರ, ಅದು ತಡ ಮಾಡಿದ ಅಧಿಕಾರಿ ಸಂಬಳದಿಂದ ಹೋಗೋ ದುಡ್ಡು. ಆ ಇಪ್ಪತ್ತು ರೂಪಾಯಿ ಯಾರಿಗೂ ಬೇಕಾಗಿಲ್ಲ ಬಿಡಿ, ಆದ್ರೆ ಮೇಲ್ಮನವಿ ಹಾಕ್ತೀನಿ ಅಂದ ದಿನ ಫೈಲು ಮೇಜಿನ ಮೇಲೆ ಬರತ್ತೆ. ಪಿಂಚಣಿಗೆ 155245 ಅಂತ ಕಂದಾಯ ಇಲಾಖೆ ಸಹಾಯವಾಣಿ ಇದೆ, ಬೇರೆ ಎಲ್ಲದಕ್ಕೂ ಜನಸ್ಪಂದನ 1902. ಕಂಪ್ಲೇಂಟ್ ನಂಬರ್ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಕೆಲವು ಸಲ ಏನೂ ಮಾಡದೇನೇ ‘ಪರಿಹರಿಸಲಾಗಿದೆ’ ಅಂತ ಕ್ಲೋಸ್ ಮಾಡಿ ಮೆಸೇಜ್ ಕಳಿಸ್ತಾರೆ, ಬಿಡದೆ ಮತ್ತೆ ಹಾಕಿ.

ದುಡ್ಡು ಕೇಳೋರು ಇರ್ತಾರೆ. ‘ಸಾವಿರ ಕೊಡಿ ಮಾಡಿಸ್ಕೊಡ್ತೀನಿ’ ಅಂತ ಆಫೀಸ್ ಹೊರಗಡೆ ಟೀ ಅಂಗಡಿ ಹತ್ರ ನಿಂತಿರೋ ಬ್ರೋಕರ್‌ಗೆ ಒಂದ್ಸಲ ಕೊಟ್ರೆ ನಿಮ್ಮೂರಿನ ರೇಟ್ ಫಿಕ್ಸ್ ಆದಂಗೆ.

ಒಬ್ಬೊಬ್ರಾಗಿ ಹೋಗೋದು ನಿಲ್ಲಿಸಿ

ಹನ್ನೊಂದು ಜನರದ್ದು ಹನ್ನೊಂದು ಅರ್ಜಿ ಕೊಟ್ಟೆ, ಎರಡೋ ಮೂರೋ ಆಯ್ತು. ಆಮೇಲೆ ಒಂದು ಪಟ್ಟಿ ಮಾಡಿ, ಹೆಸರು, ಯೋಜನೆ, ನಿಂತ ತಿಂಗಳು, ಕಾರಣ, ಸ್ವೀಕೃತಿ ತಾರೀಕು ಅಂತ ಕಾಲಂ ಹಾಕಿ, ಕೆಳಗೆ ಎಲ್ಲರ ಸಹಿ ಹೆಬ್ಬೆಟ್ಟು ಹಾಕಿಸಿ ಗ್ರಾಮಸಭೆಗೆ ತಗೊಂಡ್ಹೋದ್ವಿ. ಆಗ ನೋಡಿ ಬಣ್ಣ ಬದಲಾಗಿದ್ದು.

ಗ್ರಾಮಸಭೆ ಆರು ತಿಂಗಳಿಗೆ ಒಂದ್ಸಲನಾದ್ರೂ ನಡೀಲೇಬೇಕು, 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಎಷ್ಟೋ ಕಡೆ ನಡೆಯೋದು ಹೆಂಗೆ ಅಂದ್ರೆ ಟಾಂಟಾಂ ಇಲ್ಲ, ನೋಟಿಸು ಪಂಚಾಯ್ತಿ ಬಾಗಿಲ ಹಿಂದೆ, ಇಪ್ಪತ್ತು ಜನ ಕೂತು ಎದ್ದೋಗ್ತಾರೆ, ಸಹಿ ಪುಸ್ತಕ ಆಮೇಲೆ ಮನೆಮನೆಗೆ ಬರತ್ತೆ. ಹಂಗಾಗಿ ತಾರೀಕು ಯಾವತ್ತು ಅಂತ ಪಿಡಿಒ ಹತ್ರ ಮುಂಚೆನೇ ಕೇಳಿಟ್ಕೊಳ್ಳಿ. ಅವತ್ತು ಸ್ತ್ರೀಶಕ್ತಿ ಸಂಘದ ಹೆಂಗಸರನ್ನ ಕರ್ಕೊಂಡು ಹೋಗಿ, ಅವರು ಇಪ್ಪತ್ತು ಜನ ಮುಂದೆ ಬಂದು ಕೂತ್ರೆ ಸಾಕು, ಗಂಡಸರು ಹಿಂದೆ ನಿಂತು ಮಾಡೋ ಕೂಗಾಟ ಬೇಕಾಗಿಲ್ಲ.

ನಮ್ಮಲ್ಲಿ ಅವತ್ತು ಏನಾಯ್ತು ಅಂದ್ರೆ, ಚರಂಡಿ, ಬೀದಿ ದೀಪ ಎಲ್ಲಾ ಆಗಿ ಒಂದೂವರೆ ಗಂಟೆ ಹೋಯ್ತು, ‘ಇನ್ನು ಊಟ’ ಅಂದ್ರು. ಆಗ ವಿಧವಾ ವೇತನ ನಿಂತಿದ್ದ ಅಕ್ಕ ಒಬ್ರು, ಯಾವತ್ತೂ ಮೈಕ್ ಹಿಡಿದೋರಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಎದ್ದು ನಿಂತು ಹೇಳಿದ್ದು ಇಷ್ಟೇ: ‘ಒಂಬತ್ತು ತಿಂಗಳು, ಎಂಟುನೂರು ಎಂಟುನೂರು. ಏಳು ಸಾವಿರದ ಇನ್ನೂರು ಆಯ್ತು. ನಾನು ಯಾರ್ ಮನೆ ದುಡ್ಡೂ ಕೇಳ್ತಿಲ್ಲ, ಯಾಕೆ ನಿಂತೋಯ್ತು ಹೇಳಿ ಕೂತ್ಕೋತೀನಿ.’ ಸಭೆಗೆ ಬಂದಿದ್ದ ಕಂದಾಯ ಇಲಾಖೆಯೋರು ಪಟ್ಟಿ ಇಸ್ಕೊಂಡ್ರು. ಆ ಅಕ್ಕಂಗೆ ಹಿಂದಿನ ರಾತ್ರಿ ನಾವು ಹೇಳ್ಕೊಟ್ಟಿದ್ದು ಒಂದೇ, ಅಳಬಾರದು, ಲೆಕ್ಕ ಹೇಳ್ಬೇಕು.

ಆದ್ರೆ ಸಭೆಯಲ್ಲಿ ಒಪ್ಕೊಂಡಿದ್ದು ನಡಾವಳಿ ಪುಸ್ತಕದಲ್ಲಿ ಬರ್ಲಿಲ್ಲ ಅಂದ್ರೆ ಆಗಿಲ್ಲ ಅಂತಾನೇ ಅರ್ಥ. ಅಲ್ಲೇ ನಿಂತು ಬರೆಸಿ, ಓದಿಸಿ, ವಾರದೊಳಗೆ ಕಾಪಿ ಕೇಳಿ. ಆ ಕಾಪಿ ಮುಂದಿನ ಎಲ್ಲಾ ಮೆಟ್ಟಿಲಿಗೂ ಬೇಕು: ತಹಶೀಲ್ದಾರ್, ತಾಲ್ಲೂಕಿನ ಗ್ಯಾರಂಟಿ ಅನುಷ್ಠಾನ ಸಮಿತಿ, ಪಿಂಚಣಿ ಅದಾಲತ್, ಶಾಸಕರ ಕೆಡಿಪಿ ಮೀಟಿಂಗು (ತಾಲ್ಲೂಕಿನ ಕೆಲಸಗಳ ಪರಿಶೀಲನಾ ಸಭೆ). ಗ್ಯಾರಂಟಿ ಸಮಿತಿಯಲ್ಲಿ ಇರೋರು ಹೆಚ್ಚಾಗಿ ಪಾರ್ಟಿ ಮಂದಿ, ಅದಕ್ಕೆ ಬೇಡ ಅನ್ನಬೇಡಿ, ಗೃಹಲಕ್ಷ್ಮಿ ಕೆಲಸಕ್ಕೆ ಅವರಷ್ಟು ಬೇಗ ಫೋನ್ ಎತ್ತೋರು ಬೇರೆ ಇಲ್ಲ.

ಆರ್‌ಟಿಐ

ಮಾಹಿತಿ ಹಕ್ಕು ಅರ್ಜಿನ ಅಂಕಿ ಸಂಖ್ಯೆ ಬೇಕು ಅಂದಾಗ ಮಾತ್ರ ಬಳಸಿ, ಬೆದರಿಸೋಕಲ್ಲ. ನಮೂನೆ ‘ಎ’, 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಕಾರ್ಡ್ ಇರೋರ ಹೆಸರಲ್ಲಿ ಹಾಕಿದ್ರೆ ಕಾರ್ಡ್ ಜೆರಾಕ್ಸ್ ಇಟ್ರೆ ಸಾಕು, ಆ ಹತ್ತು ರೂಪಾಯಿನೂ ಕಟ್ಟೋಹಾಗಿಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ನನ್ ಮೊದಲನೇ ಅರ್ಜಿ ಎರಡು ಪೇಜ್ ಬರೆದು ವಾಪಸ್ ಬಂತು. ಕೇಳ್ಬೇಕಾಗಿದ್ದು: ಈ ಹೋಬಳಿಯಲ್ಲಿ ಇಂಥ ತಾರೀಕಿಂದ ಇಂಥ ತಾರೀಕಿನವರೆಗೆ ಎಷ್ಟು ಪಿಂಚಣಿ ನಿಲ್ಲಿಸಲಾಗಿದೆ, ಗ್ರಾಮವಾರು ಸಂಖ್ಯೆ, ಪ್ರತಿಯೊಂದಕ್ಕೂ ಕಾರಣ, ನಿಲ್ಲಿಸುವ ಮುಂಚೆ ಕೊಟ್ಟ ನೋಟಿಸ್‌ಗಳ ಪ್ರತಿ. ‘ಯಾಕೆ ಬಡವರಿಗೆ ಅನ್ಯಾಯ ಮಾಡ್ತೀರಾ’ ಅಂತ ಪ್ರಶ್ನೆ ಕೇಳಿದ್ರೆ ಉತ್ತರ ಬರಲ್ಲ, ದಾಖಲೆ ಕೇಳ್ಬೇಕು. 30 ದಿನದಲ್ಲಿ ಬರಬೇಕು, ಬರಲಿಲ್ಲ ಅಂದ್ರೆ ಮತ್ತೆ 30 ದಿನದೊಳಗೆ ಮೇಲ್ಮನವಿ.

ಕೋರ್ಟ್ ಮಟ್ಟಕ್ಕೆ ಹೋಗೋದಿದ್ರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರತ್ತೆ, ಹೆಂಗಸರಿಗೆ, ಎಸ್‌ಸಿ ಎಸ್‌ಟಿಗೆ ಆದಾಯ ಎಷ್ಟೇ ಇರ್ಲಿ ವಕೀಲರು ಫ್ರೀ. ಫೋನ್ 15100.

ಮೊತ್ತ ಜಾಸ್ತಿ ಮಾಡಿ ಅಂತ ಕೇಳೋದು

ಇಲ್ಲೀವರೆಗೆ ಹೇಳಿದ್ದೆಲ್ಲಾ ಇರೋದನ್ನ ಕೊಡಿಸೋ ಕೆಲಸ. ಆದ್ರೆ ಕೊಡ್ಸಿ ಕೊಡ್ಸಿ ಒಂದು ಹಂತದಲ್ಲಿ ಗೊತ್ತಾಗತ್ತೆ, ಬಂದ್ರೂ ಸಾಲಲ್ಲ. 800 ರೂಪಾಯಿ ಅಂದ್ರೆ ದಿನಕ್ಕೆ 27 ರೂಪಾಯಿ ಕೂಡ ಇಲ್ಲ. 1200 ಅಂದ್ರೆ ನಲವತ್ತು. ಅಜ್ಜಿಗೆ ಬಿಪಿ ಶುಗರ್ ಎರಡೂ ಇದೆ, ಪಿಎಚ್‌ಸಿಯಲ್ಲಿ ಮಾತ್ರೆ ಇಲ್ಲದ ತಿಂಗಳು ಲೆಕ್ಕ ನೀವೇ ಹಾಕಿ.

ನಂಗೆ ಜಾಸ್ತಿ ಉರಿಯೋದು ಆದಾಯ ಮಿತಿ. ವೃದ್ಧಾಪ್ಯ ಪಿಂಚಣಿಗೆ ವರ್ಷದ ಆದಾಯ 32,000ಕ್ಕಿಂತ ಕಮ್ಮಿ ಇರ್ಬೇಕು. 2025-26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ಇತ್ತು. ಅಂದ್ರೆ ಆಗ ಸರ್ಕಾರವೇ ಕೊಡ್ತಿದ್ದ ನೂರು ದಿನದ ಮಣ್ಣು ಕೆಲಸ ಪೂರ್ತಿ ಮಾಡಿದ್ರೆ 37,000, ಸರ್ಕಾರದ್ದೇ ಇನ್ನೊಂದು ಪುಸ್ತಕದ ಪ್ರಕಾರ ಆ ಹೆಂಗಸು ಬಡವಳೇ ಅಲ್ಲ. ಬಿಪಿಎಲ್ ಕಾರ್ಡಿಗೆ ಮಿತಿ 1.20 ಲಕ್ಷ, ಪಿಂಚಣಿಗೆ 32,000, ಒಂದೇ ಮನೆ ಒಂದು ಆಫೀಸಲ್ಲಿ ಬಡವರು, ಪಕ್ಕದ ಆಫೀಸಲ್ಲಿ ಸ್ಥಿತಿವಂತರು. ಇದನ್ನ ಹಿಂಗೇ ಬಿಡಿಸಿ ಹೇಳಿದ್ರೆ ಎಂಥ ಶಾಸಕರಿಗೂ ಅರ್ಥ ಆಗತ್ತೆ, ಭಾಷಣ ಬೇಕಾಗಿಲ್ಲ.

ಯಾರ ಹತ್ರ ಏನು ಕೇಳ್ಬೇಕು ಅನ್ನೋದು ಮುಖ್ಯ. ಸಂಧ್ಯಾ ಸುರಕ್ಷಾ, ಗೃಹಲಕ್ಷ್ಮಿ ಮೊತ್ತ ರಾಜ್ಯದ್ದು, ಎಂಎಲ್‌ಎ ಹತ್ರ ಹೋಗಿ. ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು ಇದೆ, ಎಷ್ಟು ಗೊತ್ತಾ, 200 ರೂಪಾಯಿ! 80 ವರ್ಷದ ಕೆಳಗಿನೋರಿಗೆ ಅಷ್ಟೇ, 80 ದಾಟಿದ್ರೆ 500. ಆ 200 ಹತ್ತಿರತ್ತಿರ ಇಪ್ಪತ್ತು ವರ್ಷದಿಂದ ಅಲ್ಲಾಡಿಲ್ಲ. ಆಗ 200 ರೂಪಾಯಿಗೆ ಎಷ್ಟು ಬೇಳೆ ಬರ್ತಿತ್ತು, ಈಗೆಷ್ಟು ಬರತ್ತೆ ಅಂತ ನಿಮ್ಮೂರ ಅಂಗಡಿಯೋರನ್ನೇ ಕೇಳಿ, ಅಂಗಡಿಯೋನಾಗಿ ನಂಗೆ ಗೊತ್ತು. ಇದು ಎಂಪಿ ಹತ್ರ ಕೇಳೋ ಪ್ರಶ್ನೆ, ಯಾವ ಪಾರ್ಟಿಯ ಎಂಪಿ ಆದ್ರೂ ಸರಿ, ಯಾಕಂದ್ರೆ ಈ ಇಪ್ಪತ್ತು ವರ್ಷದಲ್ಲಿ ದೆಹಲಿಯಲ್ಲಿ ಎರಡೂ ಕಡೆಯೋರು ಕೂತೆದ್ದಿದಾರೆ. ಪೆನ್ಶನ್ ಪರಿಷತ್ ಅಂತ ದೇಶದ ಮಟ್ಟದಲ್ಲಿ ಒಂದು ವೇದಿಕೆ ಇದೆ, ಪಿಂಚಣಿ ಕನಿಷ್ಠ ಕೂಲಿಯ ಅರ್ಧದಷ್ಟಾದ್ರೂ ಇರ್ಬೇಕು, ಬೆಲೆ ಏರಿದಂಗೆ ಏರ್ಬೇಕು ಅಂತ ಅವರ ಬೇಡಿಕೆ, ಮನವಿ ಬರೆಯುವಾಗ ಅದನ್ನ ನಾವೂ ಎತ್ಕೊಂಡ್ವಿ. ಇನ್ನೊಂದು ಗಟ್ಟಿ ದಾಖಲೆ ಅಂದ್ರೆ 2001ರ ನವೆಂಬರ್ 28ರ ಸುಪ್ರೀಂ ಕೋರ್ಟ್ ಆದೇಶ, ಆಹಾರದ ಹಕ್ಕಿನ ಕೇಸಲ್ಲಿ ಬಂದಿದ್ದು, ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯನ್ನ ಪ್ರತಿ ತಿಂಗಳು 7ನೇ ತಾರೀಕಿನೊಳಗೆ ಕೊಡ್ಬೇಕು ಅಂತ ಅದ್ರಲ್ಲೇ ಹೇಳಿದೆ. ಮೂರು ತಿಂಗಳಿಗೊಂದ್ಸಲ ಕಂತು ಹಾಕಿದ್ರೆ ತಪ್ಪೇನು ಅನ್ನೋರಿಗೆ ಇದನ್ನ ತೋರಿಸಿ.

ಟೈಮಿಂಗ್ ಬಗ್ಗೆ ಒಂದ್ಮಾತು. ರಾಜ್ಯ ಬಜೆಟ್ ಫೆಬ್ರವರಿ ಮಾರ್ಚಲ್ಲಿ ಬರತ್ತೆ, ಅಂದ್ರೆ ನಿಮ್ಮ ಮನವಿ ಡಿಸೆಂಬರ್ ಜನವರಿಯಲ್ಲೇ ಹೋಗಿರ್ಬೇಕು. ಬಜೆಟ್ ಆದ್ಮೇಲೆ ಪ್ರೊಟೆಸ್ಟ್ ಮಾಡಿದ್ರೆ ಪೇಪರಲ್ಲಿ ಫೋಟೋ ಬರತ್ತೆ ಅಷ್ಟೇ. ಶಾಸಕರನ್ನ ನೋಡೋಕೆ ಹೋದಾಗ ಹಾರ ಶಾಲು ಬೇಡ, ಒಂದು ಪೇಜ್ ಮನವಿ, ಗ್ರಾಮಸಭೆ ನಡಾವಳಿ ಕಾಪಿ, ಆರ್‌ಟಿಐ ಉತ್ತರ, ಈ ಮೂರು ಕೊಟ್ಟು ಒಂದೇ ಕೇಳಿ: ಅಧಿವೇಶನದಲ್ಲಿ ಒಂದು ಪ್ರಶ್ನೆ ಹಾಕಿ. ಚುಕ್ಕೆ ಗುರುತಿನ ಪ್ರಶ್ನೆ ಆದ್ರೆ ಮಂತ್ರಿ ಸದನದಲ್ಲಿ ಎದ್ದು ಉತ್ತರ ಕೊಡ್ಬೇಕು, ಚುಕ್ಕೆ ಇಲ್ಲದ್ದಾದ್ರೂ ಲಿಖಿತ ಉತ್ತರ ಬರತ್ತೆ. ಪ್ರಶ್ನೆ ನೀವೇ ಬರ್ಕೊಂಡು ಹೋಗಿ, ಅವರ ಪಿಎಗೆ ಅದನ್ನ ಡ್ರಾಫ್ಟ್ ಮಾಡೋ ಪುರುಸೊತ್ತು ಇರಲ್ಲ. ನಿಮ್ಮ ಶಾಸಕರು ವಿರೋಧ ಪಕ್ಷದೋರಾಗಿದ್ರೆ ಇನ್ನೂ ಒಳ್ಳೇದು, ಖುಷಿಯಾಗಿ ಕೇಳ್ತಾರೆ.

ಜನ ಒಟ್ಟಿಗೆ ಗಟ್ಟಿಯಾಗಿ ಕೇಳಿದ್ರೆ ಆಗತ್ತೆ ಅನ್ನೋದಕ್ಕೆ ದೂರ ಹೋಗ್ಬೇಕಾಗಿಲ್ಲ. 2024ರ ನವೆಂಬರಲ್ಲಿ ಬಿಪಿಎಲ್ ಕಾರ್ಡ್ ರದ್ದು ಮಾಡ್ತಾ ಹೋದಾಗ ಊರೂರಲ್ಲಿ ಗಲಾಟೆ ಆಗಿ, ತೆರಿಗೆ ಕಟ್ಟೋರು ಮತ್ತು ಸರ್ಕಾರಿ ನೌಕರರದ್ದು ಬಿಟ್ಟು ಉಳಿದೋರದ್ದು ವಾಪಸ್ ಕೊಡಿ ಅಂತ ಸರ್ಕಾರವೇ ಹೇಳ್ಬೇಕಾಯ್ತು.

‘ಬಿಟ್ಟಿ ಭಾಗ್ಯ’ ಅನ್ನೋರಿಗೆ

ಇದು ಬಂದೇ ಬರತ್ತೆ, ಟೀ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ, ನಿಮ್ಮ ಸ್ವಂತ ಚಿಕ್ಕಪ್ಪನ ಬಾಯಲ್ಲಿ. ‘ಬಿಟ್ಟಿ ಕೊಟ್ಟು ಸೋಮಾರಿ ಮಾಡ್ತಿದಾರೆ, ಕೂಲಿಗೆ ಜನ ಸಿಗ್ತಿಲ್ಲ.’ ಜಗಳಕ್ಕೆ ಹೋಗ್ಬೇಡಿ, ಲೆಕ್ಕ ಕೇಳಿ. 2000 ರೂಪಾಯಿನ ನಾಲ್ಕು ಜನರ ಮನೆಗೆ ಹಂಚಿದ್ರೆ ತಲೆಗೆ ದಿನಕ್ಕೆ 17 ರೂಪಾಯಿ ಕೂಡ ಬರಲ್ಲ, ಹದಿನೇಳು ರೂಪಾಯಿ ಬರತ್ತೆ ಅಂತ ಯಾರು ಕೂಲಿ ಬಿಟ್ಟು ಮನೇಲಿ ಕೂರ್ತಾರೆ? ಆದ್ರೂ ಕೂಲಿ ರೇಟು ಸ್ವಲ್ಪ ಏರಿರೋದು ನಿಜ ಅಂತ ಒಪ್ಕೊಳ್ತೀನಿ ನಾನು, ಕೈಯಲ್ಲಿ ಎರಡು ಸಾವಿರ ಇರೋ ಹೆಂಗಸು ಇನ್ನೂರು ರೂಪಾಯಿಗೆ ದಿನವಿಡೀ ಕಳೆ ಕೀಳೋಕೆ ಬರಲ್ಲ ಅಂತಾಳೆ, ಅದು ಸೋಮಾರಿತನ ಅಲ್ಲ, ಚೌಕಾಸಿ.

ಖಜಾನೆ ಖಾಲಿ ಆಗತ್ತೆ ಅನ್ನೋ ಮಾತು ಮಾತ್ರ ಪೂರ್ತಿ ತಳ್ಳಿಹಾಕೋ ಅಂಥದ್ದಲ್ಲ. 2025-26ರ ಬಜೆಟ್‌ನಲ್ಲಿ ಗೃಹಲಕ್ಷ್ಮಿ ಒಂದಕ್ಕೇ 28,608 ಕೋಟಿ ಇಟ್ಟಿದ್ರು, ಸಣ್ಣ ದುಡ್ಡಲ್ಲ. ಅದಕ್ಕೇ ನಮ್ಮ ಮನವಿಯಲ್ಲಿ ‘ಎಲ್ಲಾ ಜಾಸ್ತಿ ಮಾಡಿ’ ಅಂತ ಬರೆಯಲ್ಲ, ಮೊದಲು ವಿಧವೆಯರು, ಒಂಟಿ ಮುದುಕರು, ಅಂಗವಿಕಲರದ್ದು ಏರಿಸಿ, ಆದಾಯ ಮಿತಿ ಸರಿ ಮಾಡಿ ಅಂತ ಬರೀತೀವಿ. ಎಲ್ಲಾ ಒಟ್ಟಿಗೆ ಕೇಳಿದ್ರೆ ಯಾವ್ದೂ ಕೊಡದೇ ಇರೋಕೆ ಅವರಿಗೆ ಸುಲಭ.

ಪೇಪರ್ ರಿಪೋರ್ಟರ್‌ಗಳು ಬಂದ್ರೆ ಅಜ್ಜಿಯಂದಿರನ್ನ ಸಾಲಾಗಿ ನಿಲ್ಲಿಸಿ ಪಾಸ್‌ಬುಕ್ ಹಿಡಿಸಿ ಫೋಟೋ ತೆಗ್ಸಬೇಡಿ. ಒಪ್ಪಿಗೆ ಕೇಳಿ, ಬೇಡ ಅಂದ್ರೆ ಬೇಡ. ನಮ್ಮಲ್ಲಿ ಒಬ್ರ ಫೋಟೋ ಬಂದು ಅವರ ಮಗಳ ಗಂಡನ ಮನೆಯೋರು ‘ನಿಮ್ಮಮ್ಮ ಪೇಪರಲ್ಲಿ ಭಿಕ್ಷೆ ಬೇಡವ್ಳೆ’ ಅಂದ್ರಂತೆ. ಆ ತಪ್ಪು ನಂದೇ.

ಆ ಹನ್ನೊಂದು ಜನರಲ್ಲಿ ಎಂಟು ಜನರದ್ದು ಆಗಿದೆ, ಬಾಕಿ ಸಮೇತ ಬಂದಿದ್ದು ಐದು ಜನಕ್ಕೆ. ಇನ್ನು ಮೂರು ಉಳಿದಿದೆ. ಒಬ್ರದ್ದು ರೇಷನ್ ಕಾರ್ಡು ಇನ್ನೂ ಎಪಿಎಲ್ಲಲ್ಲೇ ಇದೆ. ಇನ್ನೊಬ್ರನ್ನ ಟ್ಯಾಕ್ಸ್ ಕಟ್ಟೋರು ಅಂತ ತಪ್ಪಾಗಿ ತೋರಿಸ್ತಿದೆ, ಅವರು ಹೂ ಕಟ್ಟಿ ಮಾರೋರು. ಮೂರನೆಯೋರಿಗೆ ಆಧಾರ್‌ನಲ್ಲಿ ವಯಸ್ಸು 57, ಅವರ ದೊಡ್ಡ ಮಗನಿಗೇ 48. ಹುಟ್ಟಿದ ತಾರೀಕು ಆಧಾರ್‌ನಲ್ಲಿ ಒಂದೇ ಸಲ ಬದಲಾಯಿಸೋಕೆ ಬಿಡೋದು, ಹಂಗಾಗಿ ದಾಖಲೆ ಗಟ್ಟಿ ಮಾಡ್ಕೊಂಡೇ ಹೋಗ್ಬೇಕು, ಅವರು ಓದಿದ್ದ ಎರಡನೇ ಕ್ಲಾಸಿನ ಶಾಲೆ ದಾಖಲಾತಿ ಪುಸ್ತಕ ಹುಡುಕ್ತಿದೀವಿ. ಹೆಡ್ ಮೇಷ್ಟ್ರು ಸೋಮವಾರ ಬೀರು ತೆಗ್ಸಿ ನೋಡ್ತೀನಿ ಅಂದಿದಾರೆ, ಸಿಕ್ರೆ ಮಂಗಳವಾರ ಬೆಳಿಗ್ಗೆ ಮೊದಲನೇ ಬಸ್ಸಿಗೆ ತಾಲ್ಲೂಕಿಗೆ.